ಫ್ರಟರ್ನಿಟಿ ಹೌಸ್‌ಗೆ ಸಾಂಕ್ರಾಮಿಕ ಕಾಲದ ಪ್ಲ್ಯಾನ್: 42 ಹುಡುಗರು, ಮೂರು ಮಹಡಿ, ಒಂದು ಸ್ಲೀಪಿಂಗ್ ಪೋರ್ಚ್

ಹೌಸ್‌ಕಾರ್ಪ್_ಕಾರ್ಯದರ್ಶಿ

ಅಮೆರಿಕದ ಮಿಡ್‌ವೆಸ್ಟ್‌ನ ಸರ್ಕಾರಿ ಯೂನಿವರ್ಸಿಟಿಯೊಂದರ ಫ್ರಟರ್ನಿಟಿ ಚಾಪ್ಟರ್, ಅಂದ್ರೆ ಒಂದೇ ಮನೆಯಲ್ಲಿ ಇರುವ ಹುಡುಗರ ವಿದ್ಯಾರ್ಥಿ ಸಂಘದ ಸ್ಥಳೀಯ ಘಟಕ. ಮನೆ ಯೂನಿವರ್ಸಿಟಿಯದ್ದಲ್ಲ, ಹಳೆಯ ಸದಸ್ಯರ ಹೌಸ್ ಕಾರ್ಪೊರೇಷನ್ ಹೆಸರಿನಲ್ಲಿದೆ. 42 ಹುಡುಗರು. ಮೂರು ಮಹಡಿ, ಮಹಡಿಗೊಂದು ಸಾಮೂಹಿಕ ಬಾತ್‌ರೂಮ್. ಮೂರನೇ ಮಹಡಿಯಲ್ಲಿ ಸ್ಲೀಪಿಂಗ್ ಪೋರ್ಚ್: 14 ಬಂಕ್, 28 ಜನ ಮಲಗ್ತಾರೆ. ಅವರ ಸ್ಟಡಿ ರೂಮ್‌ಗಳಲ್ಲಿ ಹಾಸಿಗೆ ಇಲ್ಲ. ನೆಲಮಹಡಿಯಲ್ಲಿ ಹೌಸ್ ಡೈರೆಕ್ಟರ್ (ಮನೆ ನೋಡಿಕೊಳ್ಳುವವರು) ಸೂಟ್, ಪಕ್ಕದಲ್ಲೇ ಸ್ವಂತ ಬಾತ್‌ರೂಮ್ ಇರುವ ಒಂದು ಗೆಸ್ಟ್ ರೂಮ್. ಬೇಸ್‌ಮೆಂಟ್‌ನಲ್ಲಿ ಪಾರ್ಟಿ ಹಾಲ್, ಗೋಡೆಯಾಚೆ ಗ್ಯಾಸ್ ವಾಟರ್ ಹೀಟರ್. ಸೋಮವಾರದಿಂದ ಶುಕ್ರವಾರದವರೆಗೆ ಅಡುಗೆಯವರು ಬರ್ತಾರೆ.

2020ರಲ್ಲಿ ಆಗಿನ ಬೋರ್ಡ್ ಮಾಡಿಟ್ಟ ಎರಡು ಪುಟದ ಪ್ಲ್ಯಾನ್ ಫೈಲ್‌ನಲ್ಲಿದೆ. ಮಾಸ್ಕ್ ಹಾಕಿ, ಬಾಗಿಲ ಹಿಡಿ ಒರೆಸಿ, ಆರು ಅಡಿ ದೂರ ಇರಿ. 28 ಜನ ಒಂದೇ ಕೋಣೆಯಲ್ಲಿ ಮಲಗುವ ಮನೆಗೆ ಇದನ್ನು ಬರೆದವರು ಮೇಲಿನ ಮಹಡಿ ಹತ್ತಿರಲಿಕ್ಕಿಲ್ಲ. ಈಗ ಹೊಸದಾಗಿ ಬರೆಯಬೇಕು. ಕೋವಿಡ್ ಒಂದಕ್ಕೇ ಅಲ್ಲ, ಮುಂದೆ ಯಾವುದು ಬಂದರೂ ಬಳಸುವಂತಿರಬೇಕು.

ಗೊತ್ತಿರುವವರು ಹೇಳಿ: ಐಸೋಲೇಷನ್‌ಗೆ ಎಷ್ಟು ರೂಮ್ ಬಿಡಬೇಕು? ಪೋರ್ಚ್ ಮುಚ್ಚಲೇಬೇಕಾ? ಅಡುಗೆಮನೆ, ರಶ್ (ಹೊಸ ಸದಸ್ಯರ ಆಯ್ಕೆ), ಪಾರ್ಟಿ ಇವಕ್ಕೆಲ್ಲ ನಿಯಮ ಹೇಗೆ? ಅರ್ಧ ಸೆಮಿಸ್ಟರ್‌ಗೆ ಮನೆ ಮುಚ್ಚಿಸಿದರೆ ದುಡ್ಡಿನ ಲೆಕ್ಕ ಏನು? ಪೋಸ್ಟರ್‌ಗೆ ಹಾಕುವಂಥ ಸಲಹೆ ಬೇಡ, ದಯವಿಟ್ಟು.

---

ಮೂರನೇ_ಮಹಡಿ

ರೂಮಿನ ಲೆಕ್ಕ ಆಮೇಲೆ ಮಾಡೋಣ ಸರ್. ಬೆಳಿಗ್ಗೆ ಗಂಟಲು ಕೆರೆತದಿಂದ ಎದ್ದ ಹುಡುಗ ಅದನ್ನು ಬಾಯಿಬಿಟ್ಟು ಹೇಳ್ತಾನಾ ಇಲ್ವಾ ಅನ್ನೋದರ ಮೇಲೆ ಇಡೀ ಪ್ಲ್ಯಾನ್ ನಿಂತಿದೆ. 2020ರಲ್ಲಿ ಬಹಳಷ್ಟು ಹೌಸ್‌ಗಳು ಕೆಟ್ಟಿದ್ದು ಇಲ್ಲೇ. ಯಾಕೆ ಅಂತ ಆಗಿನ ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ.

ಆಗ ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ನಿಯಮದಲ್ಲಿ ಸೋಂಕಿತನಿಗೆ ಲಕ್ಷಣ ಕಾಣಿಸಿಕೊಂಡಲ್ಲಿಂದ 10 ದಿನ ಐಸೋಲೇಷನ್, ಸಂಪರ್ಕಕ್ಕೆ ಬಂದವನಿಗೆ ಕೊನೆಯ ಸಂಪರ್ಕದಿಂದ 14 ದಿನ ಕ್ವಾರಂಟೈನ್. ಒಂದೇ ಸೂರಿನಡಿ ಬೇರೆ ಬೇರೆ ಇರೋಕೆ ಜಾಗ ಇಲ್ಲ ಅಂದ್ರೆ ಕೊನೆಯ ಸಂಪರ್ಕ ಅಂದ್ರೆ ಸೋಂಕಿತನ ಐಸೋಲೇಷನ್ ಮುಗಿಯುವ ದಿನ. ಅಂದ್ರೆ ರೂಮ್‌ಮೇಟ್‌ಗೆ 10 + 14 = 24 ದಿನ. ಅಷ್ಟರಲ್ಲಿ ಮಹಡಿಯಲ್ಲಿ ಇನ್ನೊಬ್ಬನಿಗೆ ಬಂದ್ರೆ ಗಡಿಯಾರ ಮತ್ತೆ ಸೊನ್ನೆಯಿಂದ. ಒಬ್ಬ ಕೆಮ್ಮಿದ್ದು ಹೇಳಿದ್ರೆ 41 ಜನರ ತಿಂಗಳು ಹೋಯ್ತು. ಅಂಥ ಮನೆಯಲ್ಲಿ ಯಾರು ಹೇಳ್ತಾರೆ? ಟೆಸ್ಟ್‌ಗೆ ಹೋಗೋದನ್ನೇ ಬಿಡ್ತಾರೆ. 2020ರ ಡಿಸೆಂಬರ್‌ನಲ್ಲಿ ಕ್ವಾರಂಟೈನ್ 10 ದಿನಕ್ಕೆ, ಟೆಸ್ಟ್ ನೆಗೆಟಿವ್ ಇದ್ರೆ 7ಕ್ಕೆ ಇಳಿಸುವ ಅವಕಾಶ ಸಿಕ್ಕಿತು. ಅಷ್ಟರಲ್ಲಿ ಫಾಲ್ ಸೆಮಿಸ್ಟರೇ ಬಹುತೇಕ ಮುಗಿದಿತ್ತು.

ಹಾಗಾಗಿ ಬರೆಯುವಾಗ ಇಷ್ಟು ಖಚಿತವಾಗಿ ಬರೆಯಿರಿ:

ಹೇಳಬೇಕಾದ್ದು ಒಬ್ಬರಿಗೆ ಮಾತ್ರ, ಒಂದು ಮೊಬೈಲ್ ನಂಬರ್‌ಗೆ. ಆ ವ್ಯಕ್ತಿ ಪ್ರೆಸಿಡೆಂಟ್ ಆಗಬಾರದು, ಸೋಷಿಯಲ್ ಚೇರ್ (ಪಾರ್ಟಿ ನೋಡಿಕೊಳ್ಳುವವನು) ಅಂತೂ ಆಗಲೇಬಾರದು, ಸ್ಟ್ಯಾಂಡರ್ಡ್ಸ್ ಬೋರ್ಡ್‌ನಲ್ಲಿ (ಶಿಸ್ತು ಸಮಿತಿ) ಕೂರುವವನೂ ಬೇಡ. ಹೌಸ್ ಡೈರೆಕ್ಟರ್ ಇದ್ದಾರಲ್ಲ, ಅವರೇ ಸರಿ. ಅವರಿಲ್ಲದ ದಿನಕ್ಕೆ ಒಬ್ಬ ಸೀನಿಯರ್. ಮೆಸೇಜ್‌ನಲ್ಲಿ ಮೂರೇ ವಿಷಯ: ಏನು ಲಕ್ಷಣ, ಯಾವಾಗಿಂದ, ನಿನ್ನೆ ಎಲ್ಲಿ ಮಲಗಿದ್ದೆ. ಯಾವ ಪಾರ್ಟಿಗೆ ಹೋಗಿದ್ದೆ, ಯಾರ ಜೊತೆ ಕುಡಿದೆ ಅನ್ನೋ ಪ್ರಶ್ನೆ ಈ ಮಾತುಕತೆಯಲ್ಲಿ ಬರಕೂಡದು. ಹೀಗೆ ಹೇಳಿದ ವಿಷಯವನ್ನು ಶಿಸ್ತು ಕ್ರಮಕ್ಕೆ ಬಳಸುವಂತಿಲ್ಲ ಅಂತ ಚಾಪ್ಟರ್ ಬೈಲಾದಲ್ಲೇ ಒಂದು ಸಾಲು ಸೇರಿಸಿ.

ಹೆಸರುಗಳು ಗ್ರೂಪ್‌ಮಿ ಗ್ರೂಪ್ ಚಾಟ್‌ಗೆ ಹೋಗಬಾರದು. ಶೇರ್ಡ್ ಶೀಟ್ ಮಾಡಿದ್ರೆ ಸಂಜೆಯೊಳಗೆ ಸ್ಕ್ರೀನ್‌ಶಾಟ್ ಬಂದಿರುತ್ತೆ. ಹಿಪಾ (ರೋಗಿಯ ಮಾಹಿತಿ ಗುಟ್ಟಾಗಿಡುವ) ಕಾನೂನು ಚಾಪ್ಟರ್‌ಗೆ ಅನ್ವಯಿಸೋದಿಲ್ಲ, ನಿಜ. ಆದ್ರೆ ಕಾನೂನು ಕೇಳಲ್ಲ ಅಂತ ಹೆಸರು ಹರಡಿದ್ರೆ ಎರಡನೇ ಹುಡುಗ ಹೇಳೋದಿಲ್ಲ, ಅಷ್ಟೇ.

ಹೇಳಿದವನಿಗೆ ನಷ್ಟ ಆಗಬಾರದು: ಊಟ ಬಾಗಿಲಿಗೆ ಬರಬೇಕು, ಹೌಸ್ ಡ್ಯೂಟಿ ತಪ್ಪಿದ್ದಕ್ಕೆ ದಂಡ ಬೀಳಬಾರದು, ಕಡ್ಡಾಯ ಚಾಪ್ಟರ್ ಮೀಟಿಂಗ್‌ಗೆ ಹಾಜರಿ ಸಿಗಬೇಕು.

ಈಗ ರೂಮ್. ಐಸೋಲೇಷನ್ ಬೇರೆ, ಕ್ವಾರಂಟೈನ್ ಬೇರೆ. ಹಳೆಯ ಪ್ಲ್ಯಾನ್‌ಗಳಲ್ಲಿ ಎರಡನ್ನೂ ಕಲಸಿಬಿಟ್ಟಿರ್ತಾರೆ. ಒಂದೇ ಕಾಯಿಲೆ ಅಂತ ಟೆಸ್ಟ್‌ನಲ್ಲಿ ಖಚಿತವಾದ ಇಬ್ಬರು ಮೂವರು ಒಂದೇ ರೂಮಿನಲ್ಲಿ ಇರಬಹುದು. ಕ್ವಾರಂಟೈನ್‌ನಲ್ಲಿ ಇರುವವರನ್ನು ಮಾತ್ರ ಒಟ್ಟಿಗೆ ಹಾಕಬಾರದು: ಐವರಲ್ಲಿ ಒಬ್ಬನಿಗೆ ಸೋಂಕಿದ್ರೆ ಉಳಿದ ನಾಲ್ವರಿಗೂ ನೀವೇ ಅಂಟಿಸಿದಂತೆ. ಜಾಗದ ಕೊರತೆ ಬರೋದು ಇಲ್ಲೇ.

ನಿಮ್ಮ ಗೆಸ್ಟ್ ರೂಮ್ ಮೊದಲ ಐಸೋಲೇಷನ್ ರೂಮ್. ಎರಡು ಮಂಚ ಹಿಡಿಸಿ. ಅದು ತುಂಬಿದ್ರೆ ಒಂದು ಮಹಡಿಯ ಬಾತ್‌ರೂಮಿಗೆ ಹತ್ತಿರದ ಎರಡು ಸ್ಟಡಿ ರೂಮ್ ಖಾಲಿ ಮಾಡಿ, ಮಡಚುವ ಮಂಚ ಹಾಕಿ, ಆ ಬಾತ್‌ರೂಮಿನಲ್ಲಿ ಕೊನೆಯ ಷವರ್, ಕೊನೆಯ ಟಾಯ್ಲೆಟ್ ಅವರಿಗೆ ಮೀಸಲಿಡಿ. ಮನೆಯನ್ನು ರೂಮಿನ ಲೆಕ್ಕದಲ್ಲಿ ಭಾಗ ಮಾಡಬೇಡಿ, ಬಾತ್‌ರೂಮಿನ ಲೆಕ್ಕದಲ್ಲಿ ಮಾಡಿ. ಹಲ್ಲುಜ್ಜೋವಾಗ ಯಾರೂ ಮಾಸ್ಕ್ ಹಾಕಿರಲ್ಲ. ನಿಮಗೆ ಮೂರು ಬಾತ್‌ರೂಮ್, ಅಂದ್ರೆ 14 ಜನರ ಮೂರು ಗುಂಪು.

ರೂಮಿನಲ್ಲಿ ಇರಬೇಕಾದ್ದು: ಥರ್ಮಾಮೀಟರ್, ಆಕ್ಸಿಮೀಟರ್, ಜ್ವರದ ಮಾತ್ರೆ, ಓಆರ್‌ಎಸ್ ಪ್ಯಾಕೆಟ್, ಎನ್95 ಮಾಸ್ಕ್, ಮುಚ್ಚಳದ ಕಸದಬುಟ್ಟಿ, ಉದ್ದ ಚಾರ್ಜರ್. ಆಕ್ಸಿಮೀಟರ್ ಮೇಲೆ ಪೂರ್ತಿ ನಂಬಿಕೆ ಬೇಡ. ಚರ್ಮ ಕಪ್ಪಗಿರುವವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು ಅಂತ ಎಫ್‌ಡಿಎ (ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ) 2021ರಲ್ಲೇ ಎಚ್ಚರಿಸಿದೆ. ದಿನಕ್ಕೆರಡು ಬಾರಿ ಬಾಗಿಲು ತಟ್ಟಿ ಮಾತಾಡಿಸಬೇಕು, ಮೆಸೇಜ್ ಸಾಲದು. ಉಸಿರಾಟಕ್ಕೆ ಕಷ್ಟ, ಎದೆ ಒತ್ತಿದಂತೆ, ಗಲಿಬಿಲಿಯ ಮಾತು, ಎಬ್ಬಿಸಿದ್ರೂ ಏಳದ ನಿದ್ದೆ, ತುಟಿ ನೀಲಿಯಾಗೋದು: ಇವುಗಳಲ್ಲಿ ಒಂದಿದ್ರೂ 911. ಆ ರೂಮಿನಲ್ಲಿ ಮದ್ಯ ಬೇಡ. ಒಂಟಿಯಾಗಿ ಕುಡಿದು ಮಲಗಿದವನ ಗಲಿಬಿಲಿ ಯಾವುದರಿಂದ ಅಂತ ಹೊರಗಿನವರಿಗೆ ಗೊತ್ತಾಗಲ್ಲ.

ದಿನಗಳ ಸಂಖ್ಯೆಯನ್ನು ಪ್ಲ್ಯಾನ್ ಒಳಗೆ ಬರೆಯಬೇಡಿ, ಕೊನೆಗೆ ತಾರೀಖು ಹಾಕಿದ ಒಂದು ಪುಟ ಇಡಿ. ಕೋವಿಡ್‌ಗೆ 10 ಇದ್ದದ್ದು 2021ರ ಡಿಸೆಂಬರ್‌ನಲ್ಲಿ 5 ದಿನ ಐಸೋಲೇಷನ್, ಆಮೇಲೆ 5 ದಿನ ಮಾಸ್ಕ್ ಅಂತ ಆಯ್ತು. 2024ರ ಮಾರ್ಚ್‌ನಿಂದ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಇಲ್ಲದಿದ್ರೆ, ಒಟ್ಟಾರೆ ಸುಧಾರಿಸ್ತಿದ್ರೆ ಹೊರಗೆ ಬರಬಹುದು, ನಂತರ 5 ದಿನ ಜಾಗ್ರತೆ. ಮಂಪ್ಸ್‌ಗೆ ಕೆನ್ನೆ ಊದಿದ ಮೇಲೆ 5 ದಿನ. ಮೆನಿಂಜೈಟಿಸ್ ಶಂಕೆ ಇದ್ರೆ ರೂಮಿನ ಪ್ರಶ್ನೆಯೇ ಇಲ್ಲ, ನೇರ ಆಸ್ಪತ್ರೆ. ಹತ್ತಿರ ಇದ್ದವರಿಗೆ ಸಾಧ್ಯವಾದ್ರೆ 24 ಗಂಟೆಯೊಳಗೆ ಆ್ಯಂಟಿಬಯಾಟಿಕ್, ಅದನ್ನ ಹೆಲ್ತ್ ಡಿಪಾರ್ಟ್‌ಮೆಂಟ್ ನಿರ್ಧರಿಸುತ್ತೆ.

ಟೆಸ್ಟ್ ಕಿಟ್ ಎಷ್ಟು? ಲಕ್ಷಣ ಇಲ್ಲದವನಿಗೆ 48 ಗಂಟೆ ಅಂತರದಲ್ಲಿ ಮೂರು ಆ್ಯಂಟಿಜೆನ್ ಟೆಸ್ಟ್, ಲಕ್ಷಣ ಇರುವವನಿಗೆ ಎರಡು ಅಂತ 2022ರ ಆಗಸ್ಟ್‌ನಲ್ಲಿ ಎಫ್‌ಡಿಎ ಹೇಳಿದ್ದು. ಒಂದು ಗುಂಪಿಗೆ 14 × 3 = 42. ಎರಡು ಸುತ್ತಿಗೆ 84 ಇಟ್ಟುಕೊಳ್ಳಿ. ಬಹುತೇಕ ಕಿಟ್ 2ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಹೀಟಿಂಗ್ ಇಲ್ಲದ ಗರಾಜ್‌ನಲ್ಲಿ ಚಳಿಗಾಲ ಕಳೆದ ಕಿಟ್ ನೆಗೆಟಿವ್ ಅಂದ್ರೆ ನಂಬೋಕೆ ಆಗಲ್ಲ.

---

ಎಕ್ಸಾಸ್ಟ್_ಫ್ಯಾನ್

ಪೋರ್ಚ್ ಬಗ್ಗೆ. ಮುಚ್ಚಬೇಕಿಲ್ಲ, ಆದರೆ ಈಗಿರುವಂತೆ ಬಿಡುವ ಹಾಗೂ ಇಲ್ಲ. ಪರ್‌ಡ್ಯೂ ಯೂನಿವರ್ಸಿಟಿ ಕಡೆಯ ಕೋಲ್ಡ್ ಡಾರ್ಮ್‌ಗಳಲ್ಲಿ (ಇಂಥದ್ದೇ ಸಾಮೂಹಿಕ ಮಲಗುವ ಕೋಣೆ) ಚಳಿಗಾಲದಲ್ಲೂ ಕಿಟಕಿ ತೆರೆದು ಮಲಗುವ ರೂಢಿ ಇದೆ. ಗಾಳಿಯ ಮಟ್ಟಿಗೆ ಅದು ಒಳ್ಳೆಯದೇ. ತೊಂದರೆ ಆಗುವುದು ಆಧುನೀಕರಣದ ಹೆಸರಿನಲ್ಲಿ ಕಿಟಕಿಗಳಿಗೆ ಸೀಲ್ ಹೊಡೆದು ಹೀಟಿಂಗ್ ಹಾಕಿದ ಪೋರ್ಚ್‌ಗಳಲ್ಲಿ. ನಿಮ್ಮದು ಯಾವ ಬಗೆ ಎಂದು ಹೇಳಿಲ್ಲ. ಸೀಲ್ ಆಗಿದೆ ಎಂದೇ ಇಟ್ಟುಕೊಳ್ಳುತ್ತೇನೆ.

ಲೆಕ್ಕ ಹೀಗೆ. 40 ಅಡಿ ಉದ್ದ, 20 ಅಡಿ ಅಗಲ, 8 ಅಡಿ ಎತ್ತರ ಎಂದರೆ 6,400 ಘನ ಅಡಿ. ಗಂಟೆಗೆ ಕನಿಷ್ಠ 5 ಬಾರಿ ಗಾಳಿ ಬದಲಾದಷ್ಟು ಶುದ್ಧಿ ಬೇಕು ಎಂಬುದು ಸಿಡಿಸಿ 2023ರಲ್ಲಿ ಕೊಟ್ಟ ಗುರಿ. 28 ಜನ ಎಂಟು ಗಂಟೆ ಉಸಿರಾಡುವ ಜಾಗಕ್ಕೆ 8 ಇದ್ದರೆ ಇನ್ನೂ ವಾಸಿ. ಮರ್ವ್-13 (ಸೂಕ್ಷ್ಮ ಕಣ ಹಿಡಿಯುವ ದರ್ಜೆಯ) ಫಿಲ್ಟರ್ ಪೆಟ್ಟಿಗೆ, ಅಂದರೆ 2020ರಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಲ್ ಅವರಿಂದ ಹೆಸರಾದ ಬಾಕ್ಸ್, ಮಲಗುವ ಹೊತ್ತಿನ ಕಡಿಮೆ ವೇಗದಲ್ಲಿ ನಿಮಿಷಕ್ಕೆ 300 ಘನ ಅಡಿ ಕೊಡುತ್ತದೆ ಎಂದು ಹಿಡಿಯಿರಿ. ಚೆನ್ನಾಗಿ ಕಟ್ಟಿದ್ದು ಇದಕ್ಕಿಂತ ಹೆಚ್ಚೇ ಕೊಡುತ್ತದೆ, ಲೆಕ್ಕಕ್ಕೆ ಕಡಿಮೆ ಇರಲಿ. ಮೂರು ಪೆಟ್ಟಿಗೆಗೆ 900 × 60 ÷ 6,400 = 8.4. ಆಯಿತು.

ಒಂದು ಪೆಟ್ಟಿಗೆಗೆ: 20 ಇಂಚಿನ ಬಾಕ್ಸ್ ಫ್ಯಾನ್ ಒಂದು, 20 × 20 × 2 ಇಂಚಿನ ಮರ್ವ್-13 ಫಿಲ್ಟರ್ ನಾಲ್ಕು, ಫ್ಯಾನ್ ಬಂದ ರಟ್ಟಿನ ಡಬ್ಬಿ, ಅಗಲದ ಡಕ್ಟ್ ಟೇಪ್. ಫಿಲ್ಟರ್‌ಗಳನ್ನು ನಾಲ್ಕು ಗೋಡೆಯಂತೆ ನಿಲ್ಲಿಸಿ, ಅಂಚಿನಲ್ಲಿರುವ ಬಾಣದ ಗುರುತು ಒಳಮುಖವಾಗಿರಲಿ. ಮೂಲೆಗಳಿಗೆ ಮೇಲಿಂದ ಕೆಳಗಿನವರೆಗೆ ಟೇಪ್. ತಳಕ್ಕೆ ರಟ್ಟು. ಮೇಲೆ ಫ್ಯಾನ್, ಗಾಳಿ ಸೂರಿನ ಕಡೆ ಹೋಗುವಂತೆ. ಕೊನೆಗೆ ಫ್ಯಾನಿನ ಮುಖಕ್ಕೆ 15 ಇಂಚು ವ್ಯಾಸದ ತೂತು ಕೊರೆದ ರಟ್ಟು ಅಂಟಿಸಿ. ಬಹಳ ಜನ ಬಿಡುವುದು ಇದನ್ನೇ. ಇದಿಲ್ಲದಿದ್ದರೆ ಫ್ಯಾನಿನ ನಾಲ್ಕು ಮೂಲೆಯಲ್ಲಿ ಗಾಳಿ ಹಿಂದಕ್ಕೆ ಒಳಗೇ ನುಗ್ಗುತ್ತದೆ, ಶಬ್ದ ಜೋರಾಗಿರುತ್ತದೆ, ಕೆಲಸ ಕಡಿಮೆ. ಬಾಣ ತಿರುಗುಮುರುಗಾದರೆ ಫಿಲ್ಟರ್ ಒಳಕ್ಕೆ ಬಾಗುತ್ತದೆ. ದಿನವಿಡೀ ಓಡಿದರೆ ಆರು ತಿಂಗಳಿಗೆ ಫಿಲ್ಟರ್ ಬದಲಿಸಿ. ಯುಎಲ್ (ಸುರಕ್ಷತಾ ಪರೀಕ್ಷೆಯ) ಗುರುತಿರುವ ಹೊಸ ಫ್ಯಾನ್ ಮಾತ್ರ. ಬೇಸ್‌ಮೆಂಟ್‌ನಲ್ಲಿ ಬಿದ್ದಿರುವ ಹಳೆಯದು ಬೇಡ. ಎಕ್ಸ್‌ಟೆನ್ಷನ್ ಕಾರ್ಡ್ ಬಂಕ್ ಕೆಳಗೆ ಹಾಯಿಸಬೇಡಿ, ಫೈರ್ ಮಾರ್ಷಲ್ ಮೊದಲು ನೋಡುವುದೇ ಅದನ್ನು.

ಬಂಕ್‌ಗಳಲ್ಲಿ ತಲೆ-ಕಾಲು ಅದಲುಬದಲು: ಒಂದರಲ್ಲಿ ತಲೆ ಕಿಟಕಿ ಕಡೆ, ಪಕ್ಕದ್ದರಲ್ಲಿ ಬಾಗಿಲ ಕಡೆ. ಮೇಲಿನವನಿಗೂ ಕೆಳಗಿನವನಿಗೂ ಹಾಗೆಯೇ. ಖರ್ಚಿಲ್ಲದ ಕೆಲಸ.

ಗೆಸ್ಟ್ ರೂಮ್ ಐಸೋಲೇಷನ್‌ಗೆ ಎಂದಾದರೆ ಅಲ್ಲಿ ಫಿಲ್ಟರ್‌ಗಿಂತ ಮುಖ್ಯ ಗಾಳಿಯ ದಿಕ್ಕು. ಕಿಟಕಿಯಲ್ಲಿ ಫ್ಯಾನನ್ನು ಹೊರಮುಖವಾಗಿ ಕೂರಿಸಿ, ಸುತ್ತಲಿನ ಸಂದನ್ನು ರಟ್ಟು ಟೇಪ್ ಹಾಕಿ ಮುಚ್ಚಿ, ಬಾಗಿಲು ಮುಚ್ಚಿ. ಹೊರಗಡೆ ಹಜಾರದಲ್ಲಿ ಕೂತು ಒಂದೆಳೆ ಟಿಶ್ಯೂ ಪೇಪರನ್ನು ಬಾಗಿಲ ಕೆಳಗಿನ ಸಂದಿಗೆ ಹಿಡಿಯಿರಿ. ಅದು ರೂಮಿನೊಳಕ್ಕೆ ಎಳೆದುಕೊಂಡರೆ ಸರಿ. ನಿಮ್ಮ ಕಡೆ ಹಾರಿದರೆ ರೋಗಿಯ ಗಾಳಿ ಹಜಾರಕ್ಕೆ ಬರುತ್ತಿದೆ. ಬಹುಶಃ ರೂಮಿನೊಳಗೆ ಫರ್ನೆಸ್ ಗಾಳಿ ಊದುವ ಗ್ರಿಲ್ ಇರುತ್ತದೆ. ಗಾಳಿ ವಾಪಸ್ ಎಳೆಯುವ ಗ್ರಿಲ್ ಇದ್ದರೆ ಅದನ್ನು ಮೊದಲು ಮುಚ್ಚಿ, ಇಲ್ಲವಾದರೆ ಒಬ್ಬನ ಕೆಮ್ಮು ಡಕ್ಟ್ ಹಿಡಿದು ಬೇರೆ ರೂಮುಗಳಿಗೆ ಹೋಗುತ್ತದೆ.

ಇನ್ನು ನಿಮ್ಮ ಬೇಸ್‌ಮೆಂಟ್. ಸೂರು ತಗ್ಗು, ಕಿಟಕಿ ಅಂಗೈ ಅಗಲ, ಜನ ಒತ್ತೊತ್ತು, ಜೋರು ಸಂಗೀತಕ್ಕೆ ಕೂಗಿ ಮಾತು. ಉಸಿರಿನ ಕಾಯಿಲೆಗೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ. ಎನ್‌ಡಿಐಆರ್ (ಇನ್ಫ್ರಾರೆಡ್ ಬೆಳಕಿನಿಂದ ಅಳೆಯುವ) ಸೆನ್ಸರ್ ಇರುವ ಸಿಒ2 ಮೀಟರ್ ಒಂದನ್ನು ಎದೆ ಎತ್ತರದಲ್ಲಿ ಗೋಡೆಗೆ ಹಾಕಿ. ಹೊರಗಿನ ಗಾಳಿ ಸುಮಾರು 420 ಪಿಪಿಎಂ. 800 ದಾಟಿದರೆ ಜನ ಹೆಚ್ಚು, ಗಾಳಿ ಕಡಿಮೆ ಎಂದು ಅರ್ಥ. ಫಿಲ್ಟರ್ ಪೆಟ್ಟಿಗೆ ಸಿಒ2 ಇಳಿಸುವುದಿಲ್ಲ ಎಂಬುದು ನೆನಪಿರಲಿ, ಎರಡನ್ನೂ ಸೇರಿಸಿ ನೋಡಬೇಕು.

ಆದರೆ ಅಲ್ಲಿ ದೊಡ್ಡ ಎಕ್ಸಾಸ್ಟ್ ಹಾಕಲು ಹೋಗಬೇಡಿ. ಗೋಡೆಯಾಚೆ ಗ್ಯಾಸ್ ಹೀಟರ್ ಇದೆ ಎಂದಿರಿ. ಅದು ತಾನಾಗಿ ಹೊಗೆ ಮೇಲೆ ಬಿಡುವ ಹಳೆಯ ಮಾದರಿಯಾದರೆ, ಬೇಸ್‌ಮೆಂಟ್‌ನಿಂದ ಗಾಳಿ ಎಳೆದಾಗ ಹೊಗೆಕೊಳವೆಯಲ್ಲಿ ಹೋಗಬೇಕಾದ ಹೊಗೆ ಹಿಂದಕ್ಕೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್. ಸೋಂಕಿಗಿಂತ ಬೇಗ ಕೊಲ್ಲುತ್ತದೆ. ಮೊದಲು ಅಲಾರಂ, ಆಮೇಲೆ ಲೈಸೆನ್ಸ್ ಇರುವ ಎಚ್‌ವಿಎಸಿಯವರಿಂದ (ಹೀಟಿಂಗ್, ಗಾಳಿ ವ್ಯವಸ್ಥೆಯವರು) ಡ್ರಾಫ್ಟ್ ಪರೀಕ್ಷೆ, ಅಂದರೆ ಹೊಗೆ ಸರಿಯಾಗಿ ಮೇಲೆ ಹೋಗುತ್ತದೆಯೇ ಎಂದು ನೋಡುವುದು, ಆಮೇಲೆ ಫ್ಯಾನ್ ಮಾತು.

---

ಲೀಸ್_ಓದಿ

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಒಂದು ತಕರಾರು: ಗೆಸ್ಟ್ ರೂಮ್, ಸ್ಟಡಿ ರೂಮ್ ಖಾಲಿ ಮಾಡಿಸೋ ಅಧಿಕಾರ ಲೀಸ್‌ನಲ್ಲಿ ಇಲ್ಲದೆ ಬರೋದಿಲ್ಲ. "ಸಾರ್ವಜನಿಕ ಆರೋಗ್ಯದ ಕಾರಣಕ್ಕೆ ಮನೆಯೊಳಗೆ ಬೇರೆ ರೂಮಿಗೆ ವರ್ಗಾಯಿಸಬಹುದು" ಅನ್ನೋ ಕಲಂ ಆಗಸ್ಟ್ ಸಹಿಗೆ ಮೊದಲೇ ಇರಬೇಕು. ಸೋಂಕು ಬಂದ ಮೇಲೆ ಸೇರಿಸೋಕೆ ಹೋದ್ರೆ ಅಪ್ಪ ಅಮ್ಮನ ವಕೀಲರು ಫೋನ್ ಮಾಡ್ತಾರೆ.

ದುಡ್ಡು. ಒಂದೇ ಮೊತ್ತ ಹಾಕಿದ ಬಿಲ್ 2020ರ ಮಾರ್ಚ್‌ನಲ್ಲಿ ಎಲ್ಲರ ತಲೆನೋವಾಗಿದ್ದು. ಕ್ಯಾಂಪಸ್‌ಗಳು ಸೆಮಿಸ್ಟರ್ ಮಧ್ಯೆ ಮುಚ್ಚಿದವು, ವಾಪಸ್ ಎಷ್ಟು ಕೊಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಐದು ಸಾಲು ಮಾಡಿ: ರೂಮ್ ಬಾಡಿಗೆ, ಊಟ, ಚಾಪ್ಟರ್ ಡ್ಯೂಸ್, ನ್ಯಾಷನಲ್ ಫೀ, ತಲೆಗಿಷ್ಟು ಅಂತ ಬರೋ ಇನ್ಶೂರೆನ್ಸ್. ಊಟ ವಾರದ ಲೆಕ್ಕದಲ್ಲಿ ವಾಪಸ್ ಅಂತ ಬರೆಯಿರಿ, ಅದು ನಿಮಗೆ ಉಳಿಯೋ ಖರ್ಚು. ಬಾಡಿಗೆ ವಾಪಸ್ ಯಾವಾಗ ಅನ್ನೋದನ್ನ ಖಚಿತ ಮಾಡಿ: ಸರ್ಕಾರಿ ಆದೇಶದಿಂದ ಮನೆ ಮುಚ್ಚಿದ್ರೆ ಇಷ್ಟು, ಹುಡುಗ ತಾನಾಗಿ ಮನೆಗೆ ಹೋದ್ರೆ ಇಲ್ಲ. ಸಾಲದ ಕಂತು, ಆಸ್ತಿ ತೆರಿಗೆ, ಇನ್ಶೂರೆನ್ಸ್ ಮನೆ ಖಾಲಿ ಇದ್ರೂ ನಿಲ್ಲೋದಿಲ್ಲ. ಆರು ತಿಂಗಳ ಸ್ಥಿರ ಖರ್ಚು ಮೀಸಲಿಲ್ಲದ ಹೌಸ್ ಕಾರ್ಪೊರೇಷನ್ ಕೈ ಕಟ್ಟಿಕೊಂಡಂತೆ: ಮುಚ್ಚಬೇಕಾದಾಗಲೂ ಮುಚ್ಚೋಕೆ ಆಗಲ್ಲ.

ಇನ್ಶೂರೆನ್ಸ್ ಕೊಡುತ್ತೆ ಅಂದುಕೊಳ್ಳಬೇಡಿ. ವ್ಯಾಪಾರ ನಿಂತ ನಷ್ಟದ ಪಾಲಿಸಿಗಳಲ್ಲಿ ವೈರಸ್ ಹೊರಗಿಡುವ ಪ್ರಮಾಣಿತ ಕಲಂ 2006ರಿಂದಲೇ ಇದೆ, ಸಾರ್ಸ್ ಆದ ಮೇಲೆ ಬಂದದ್ದು. ಹೊಣೆಗಾರಿಕೆ ಪಾಲಿಸಿಯಲ್ಲೂ ಸಾಂಕ್ರಾಮಿಕ ರೋಗ ಹೊರಗಿಡುವ ಸೇರ್ಪಡೆ ಇದೆಯಾ ಅಂತ ಬ್ರೋಕರ್ ಹತ್ರ ಲಿಖಿತವಾಗಿ ಕೇಳಿ. ಕೋವಿಡ್ ಕಾಲದಲ್ಲಿ ಸರ್ಕಾರ ಕೊಟ್ಟ ಪಿಪಿಪಿ ಸಾಲದಂಥದ್ದು ಮತ್ತೆ ಬಂದ್ರೂ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತೆ: 501(ಸಿ)(7) ಸಂಸ್ಥೆಗಳಿಗೆ (ತೆರಿಗೆ ವಿನಾಯಿತಿ ಇರುವ ಕ್ಲಬ್, ಫ್ರಟರ್ನಿಟಿಗಳಂಥವು) ಕಳೆದ ಬಾರಿ ಬಾಗಿಲು ತೆರೆದದ್ದು 2021ರ ಮಾರ್ಚ್‌ನ ಕಾನೂನಿನಲ್ಲಿ, ಅಂದ್ರೆ ಒಂದು ವರ್ಷ ತಡವಾಗಿ.

ಯಾರೂ ಯೋಚಿಸದ ಒಂದು ಸಂಗತಿ: ಖಾಲಿ ಮನೆ. ಸಾಮಾನ್ಯ ಆಸ್ತಿ ಪಾಲಿಸಿಗಳಲ್ಲಿ ಕಟ್ಟಡ ಸತತ 60 ದಿನಕ್ಕಿಂತ ಹೆಚ್ಚು ಖಾಲಿ ಇದ್ರೆ ಕಳ್ಳತನ, ಧ್ವಂಸ, ನೀರಿನ ಹಾನಿ ಇವಕ್ಕೆ ರಕ್ಷಣೆ ಹೋಗುತ್ತೆ. ಮಾರ್ಚ್ ಮಧ್ಯದಲ್ಲಿ ಮುಚ್ಚಿದ ಮನೆಗೆ ಮೇ ಮಧ್ಯಕ್ಕೆ 60 ದಿನ. ಆ ಹೊತ್ತಿಗೆ ಮೂರನೇ ಮಹಡಿಯ ಪೈಪ್ ಒಡೆದ್ರೆ ಬೇಸ್‌ಮೆಂಟ್‌ವರೆಗೆ ನಿಮ್ಮದೇ ಖರ್ಚು. ಮುಚ್ಚುವ ವಾರವೇ ಕಂಪನಿಗೆ ತಿಳಿಸಿ ವಿನಾಯಿತಿ ಪತ್ರ ತಗೊಳ್ಳಿ. ಹೌಸ್ ಡೈರೆಕ್ಟರ್ ಒಬ್ಬರೇ ಇದ್ರೆ ಸಾಕು ಅಂದುಕೊಳ್ಳಬೇಡಿ, ಎಷ್ಟು ಭಾಗ ಬಳಕೆಯಲ್ಲಿದೆ ಅಂತಾನೂ ಪಾಲಿಸಿ ನೋಡುತ್ತೆ.

ಮತ್ತೆ ತೆರೆಯುವಾಗ ನೀರು. ತಿಂಗಳುಗಟ್ಟಲೆ ನಿಂತ ಪೈಪಿನಲ್ಲಿ ಲೀಜನೆಲ್ಲಾ (ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ) ಬೆಳೆಯುತ್ತೆ. ಹೀಟರ್ ಕನಿಷ್ಠ 140 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿಸಿ, ಪ್ರತಿ ನಲ್ಲಿಯಲ್ಲೂ ಬಿಸಿನೀರು, ತಣ್ಣೀರು ಎರಡನ್ನೂ ಹರಿಯಬಿಡಿ. ಷವರ್ ತಲೆ ಬಿಚ್ಚಿ ತೊಳೆಯಿರಿ, ಹರಿಸುವಾಗ ತುಂತುರು ಮೂಗಿಗೆ ಹೋಗದ ಹಾಗೆ. ನೀರು ಸುಡುವಷ್ಟು ಬಿಸಿ, ಕೈ ಜೋಪಾನ. ನೆಲದ ಡ್ರೇನ್‌ಗಳಿಗೆ ಒಂದೊಂದು ಬಕೆಟ್ ನೀರು ಸುರಿಯಿರಿ. ವಾಸನೆ ತಡೆಯಲು ನೀರು ನಿಲ್ಲುವ ಬಾಗು, ಅಂದ್ರೆ ಟ್ರ್ಯಾಪ್, ಒಣಗಿದ್ರೆ ಚರಂಡಿ ವಾಸನೆ ಮನೆಯೊಳಗೆ.

---

ಹೌಸ್‌ಕಾರ್ಪ್_ಕಾರ್ಯದರ್ಶಿ

ಬಹಳ ಉಪಕಾರ. ಪೋರ್ಚ್ ಕಿಟಕಿಗಳು ತೆರೆಯುತ್ತವೆ, ಹೀಟಿಂಗ್ ಇದೆ. ವಾಟರ್ ಹೀಟರ್ ಹಳೆಯ ಮಾದರಿಯೇ, ಈ ವಾರ ಪರೀಕ್ಷೆಗೆ ಬುಕ್ ಮಾಡ್ತೀನಿ. ಉಳಿದದ್ದು ರಶ್ ಮತ್ತು ಪಾರ್ಟಿ. ಇಲ್ಲಿ ಬೋರ್ಡ್‌ನಲ್ಲೇ ಎರಡು ಬಣ: ಸೋಂಕು ಶುರುವಾದ ತಕ್ಷಣ ಎಲ್ಲ ಸೋಷಿಯಲ್ ಪೂರ್ತಿ ನಿಷೇಧ ಅಂತ ಕೆಲವರು.

---

ಗೆಸ್ಟ್_ಲಿಸ್ಟ್

ಪೂರ್ತಿ ನಿಷೇಧ ಕಾಗದದ ಮೇಲೆ ಚೆನ್ನ. ಹೌಸ್‌ನಲ್ಲಿ ನಿಂತ ಪಾರ್ಟಿ ನಾಲ್ಕು ಬೀದಿ ಆಚೆ ಐದಾರು ಸದಸ್ಯರು ಬಾಡಿಗೆಗಿರುವ ಸ್ಯಾಟಲೈಟ್ ಹೌಸ್‌ಗೆ ಹೋಗುತ್ತದೆ. ಅಲ್ಲಿ ಗೆಸ್ಟ್ ಲಿಸ್ಟ್ ಇಲ್ಲ, ಕುಡಿಯದೆ ನಿಗಾ ಇಡುವ ಸದಸ್ಯ ಇಲ್ಲ, ಇನ್ಶೂರೆನ್ಸ್ ಇಲ್ಲ, ಯಾರು ಬಂದಿದ್ದರು ಎಂದು ಮರುದಿನ ಹೇಳುವವರಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಮಿಚಿಗನ್ ಸ್ಟೇಟ್ ಯೂನಿವರ್ಸಿಟಿ ಪಕ್ಕದ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಇಂಗಮ್ ಕೌಂಟಿ 30 ದೊಡ್ಡ ಮನೆಗಳನ್ನು ಕಡ್ಡಾಯ ಕ್ವಾರಂಟೈನ್‌ಗೆ ಹಾಕಿತು. 23 ಮಾತ್ರ ಫ್ರಟರ್ನಿಟಿ ಅಥವಾ ಸೊರೊರಿಟಿ (ಹುಡುಗಿಯರ ಸಂಘ) ಹೌಸ್. ಉಳಿದವು ಬಾಡಿಗೆ ಮನೆ. ನಿಮ್ಮ ಪ್ಲ್ಯಾನ್ ನಿಮ್ಮ ಕಟ್ಟಡದ ಗೋಡೆಗೆ ನಿಲ್ಲಬಾರದು ಎನ್ನುವುದಕ್ಕೆ ಇದು ಸಾಕು. ಕೌಂಟಿಗೆ ಆ ಅಧಿಕಾರ ಇದೆ ಎಂಬುದನ್ನೂ ಗಮನಿಸಿ. ಯೂನಿವರ್ಸಿಟಿಗೆ ಖಾಸಗಿ ಮನೆ ಮುಚ್ಚಿಸುವ ಹಕ್ಕು ಸಾಮಾನ್ಯವಾಗಿ ಇಲ್ಲ. ಅದೇ ತಿಂಗಳು ಇಂಡಿಯಾನಾ ಯೂನಿವರ್ಸಿಟಿ ತನ್ನಲ್ಲಿನ ಗ್ರೀಕ್ ಹೌಸ್‌ಗಳಿಗೆ (ಫ್ರಟರ್ನಿಟಿ, ಸೊರೊರಿಟಿ ಮನೆಗಳು) ಶಿಫಾರಸನ್ನಷ್ಟೇ ಮಾಡಲು ಸಾಧ್ಯವಾಯಿತು. ಅದಕ್ಕೇ ಕೌಂಟಿ ಹೆಲ್ತ್ ಡಿಪಾರ್ಟ್‌ಮೆಂಟ್‌ನ ನಂಬರ್ ಪ್ಲ್ಯಾನಿನ ಮೊದಲ ಪುಟದಲ್ಲಿರಲಿ. ಅವರು ನಿಮ್ಮನ್ನು ಹುಡುಕಿಕೊಂಡು ಬರುವ ಮೊದಲು ನೀವೇ ಫೋನ್ ಮಾಡಿ.

ನಿಷೇಧದ ಬದಲು ಮೂರು ಹಂತ ಇಡಿ. ಐಸೋಲೇಷನ್‌ನಲ್ಲಿ ಯಾರೂ ಇಲ್ಲದಾಗ ಮಾಮೂಲು ನಿಯಮ: ನಾರ್ತ್ ಅಮೆರಿಕನ್ ಇಂಟರ್‌ಫ್ರಟರ್ನಿಟಿ ಕಾನ್ಫರೆನ್ಸ್‌ನ ಸೂತ್ರದಂತೆ ಸದಸ್ಯನೊಬ್ಬನಿಗೆ ಗರಿಷ್ಠ ಮೂವರು ಅತಿಥಿಗಳು, ಆಹ್ವಾನಿತರ ಪಟ್ಟಿ, ಫೈರ್ ಕೋಡ್ ಮಿತಿ. ಮನೆಯಲ್ಲಿ ಒಬ್ಬನಿಗೆ ಬಂತೆಂದರೆ ಬೇಸ್‌ಮೆಂಟ್‌ಗೆ ಬೀಗ. ಕಾರ್ಯಕ್ರಮ ಹಿತ್ತಲಲ್ಲಿ, ಒಬ್ಬನಿಗೆ ಒಬ್ಬ ಅತಿಥಿ. ಎರಡು ಬಾತ್‌ರೂಮ್ ಗುಂಪಿಗೆ ಹರಡಿದರೆ ಅತಿಥಿಗಳೇ ಇಲ್ಲ, ರಾತ್ರಿ ಉಳಿಯುವ ಗೆಳತಿಯರೂ ಸೇರಿ. ಹಂತ ಏರಿಸುವುದು ಹೌಸ್ ಡೈರೆಕ್ಟರ್, ಒಬ್ಬರೇ, ವೋಟ್ ಇಲ್ಲದೆ. ಇಳಿಸುವಾಗ ಬೇಕಾದರೆ ಬೋರ್ಡ್ ಕೂರಲಿ. ಶುಕ್ರವಾರ ಸಂಜೆ ನಾಲ್ಕಕ್ಕೆ 42 ಹುಡುಗರನ್ನು ವೋಟ್ ಕೇಳಿದರೆ ಉತ್ತರ ಕೇಳದೆಯೇ ಗೊತ್ತು.

ಹಿತ್ತಲಲ್ಲೂ ಹರಡುವುದು ಹೇಗೆ ಎಂದರೆ ಕಪ್ ಮತ್ತು ವೇಪ್. ಪಾಂಗ್ ಆಟದಲ್ಲಿ (ಮೇಜಿನ ಕಪ್‌ಗಳಿಗೆ ಚೆಂಡು ಎಸೆದು ಕುಡಿಯುವ ಆಟ) ಕುಡಿಯುವ ಕಪ್ ಕೈಯಲ್ಲಿರಲಿ, ಮೇಜಿನ ಕಪ್‌ಗಳಿಗೆ ನೀರು. ಒಂದೇ ವೇಪ್ ಆರು ಬಾಯಿ ಸುತ್ತುವುದನ್ನು ಮಾತ್ರ ಯಾವ ಚೇರ್‌ಮನ್ನೂ ನಿಲ್ಲಿಸಿದ್ದು ಕಾಣೆ, ಮೆನಿಂಜೈಟಿಸ್ ಹೆಸರು ಹೇಳಿದರೆ ಒಂದಿಷ್ಟು ಕೇಳುತ್ತಾರೆ. ಮೆನಿಂಜೈಟಿಸ್‌ನ ಮೆನ್-ಬಿ ಲಸಿಕೆ ಬೇರೆ, ಹೈಸ್ಕೂಲ್‌ನಲ್ಲಿ ಹಾಕಿಸುವ ಎಸಿಡಬ್ಲ್ಯುವೈ ಬೇರೆ. ಎರಡನೆಯದು ಆಗಿದೆ ಎಂದು ಮೊದಲನೆಯದನ್ನು ಬಿಟ್ಟವರು ಬಹಳ. ಹೊಸ ಸದಸ್ಯರ ಫಾರ್ಮ್‌ನಲ್ಲಿ ಎರಡಕ್ಕೂ ಪ್ರತ್ಯೇಕ ಸಾಲು ಇಡಿ.

ರಶ್: ಮೊದಲ ಸುತ್ತು ವಿಡಿಯೊದಲ್ಲಿ ಸಾಕು. ಒಂದು ಕರೆಯಲ್ಲಿ ಇಬ್ಬರು ಸದಸ್ಯರು, ಒಬ್ಬ ಹುಡುಗ, 15 ನಿಮಿಷ. 30 ಜನರ ಜೂಮ್‌ನಲ್ಲಿ ಮಾತಾಡುವವನು ಒಬ್ಬನೇ, ಉಳಿದವರು ಕ್ಯಾಮೆರಾ ಆಫ್. ಎರಡನೇ ಸುತ್ತು ಹೊರಗೆ, ನಾಲ್ಕೈದು ಹುಡುಗರ ತಂಡ, ಯಾವ ತಂಡ ಯಾರನ್ನು ಭೇಟಿ ಆಯಿತು ಎಂಬ ಪಟ್ಟಿ. ಬಿಡ್ ಡೇ (ಹೊಸಬರಿಗೆ ಸದಸ್ಯತ್ವದ ಆಹ್ವಾನ ಕೊಡುವ ದಿನ) ಅಪ್ಪುಗೆ, ಕೂಗಾಟ ತಡೆಯಲು ಆಗುವುದಿಲ್ಲ. ಅದನ್ನು ಹುಲ್ಲುಹಾಸಿನ ಮೇಲೆ ಮಾಡಿ ಮನೆಯೊಳಗೆ ಊಟ ಬೇಡ ಎನ್ನಿ. ಇನಿಷಿಯೇಷನ್ (ಸದಸ್ಯತ್ವದ ವಿಧಿ) ಮುಂದೂಡಲು ಅಥವಾ ಬೇರೆ ರೀತಿ ಮಾಡಲು ಹೆಡ್‌ಕ್ವಾರ್ಟರ್ಸ್‌ನ ಅನುಮತಿ ಬೇಕು, ಪತ್ರ ಮೊದಲೇ ಬರೆಯಿರಿ.

ಅಡುಗೆಮನೆ ಬೇಗ ಹೇಳುತ್ತೇನೆ. ಬಫೆಯ ಇಕ್ಕಳ 42 ಕೈ ದಾಟುವ ಬದಲು ಅಡುಗೆಯವರೇ ಬಡಿಸಲಿ, ಬಾತ್‌ರೂಮ್ ಗುಂಪಿನ ಪ್ರಕಾರ ಮೂರು ಪಾಳಿ. ಲೇಟ್ ಪ್ಲೇಟ್‌ಗೆ (ತಡವಾಗಿ ಬರುವವರಿಗೆ ತೆಗೆದಿಟ್ಟ ಊಟ) ಹೆಸರು ಬರೆದ ಮುಚ್ಚಳದ ಡಬ್ಬಿ. ಅಡುಗೆಯವರಿಗೆ ಸಂಬಳ ಸಹಿತ ರಜೆ ಇಲ್ಲದಿದ್ದರೆ ಅವರೂ ಹುಷಾರಿಲ್ಲದೆ ಬರುತ್ತಾರೆ. ಪ್ಲ್ಯಾನ್ ಹುಡುಗರಿಗೆ ಮಾತ್ರ ಬರೆದವರು ಇದನ್ನು ಮರೆಯುತ್ತಾರೆ. ಕೋವಿಡ್‌ಗೆ ಮೇಜು ಒರೆಸುವುದು ದೊಡ್ಡ ವಿಷಯವಲ್ಲ, ಆದರೆ ವಾಂತಿ-ಭೇದಿಯ ನೊರೊವೈರಸ್‌ಗೆ ಅದೇ ಎಲ್ಲ. ಹ್ಯಾಂಡ್ ಸ್ಯಾನಿಟೈಸರ್ ಅದಕ್ಕೆ ಸರಿಯಾಗಿ ನಾಟುವುದಿಲ್ಲ, ಸೋಪು ನೀರು ಬೇಕು. ವಾಂತಿಯಾದ ಜಾಗಕ್ಕೆ ಒಂದು ಗ್ಯಾಲನ್ ನೀರಿಗೆ 5ರಿಂದ 25 ಟೇಬಲ್‌ಸ್ಪೂನ್ ಮನೆಬಳಕೆಯ ಬ್ಲೀಚ್, ಕನಿಷ್ಠ ಐದು ನಿಮಿಷ ಒದ್ದೆಯಾಗಿ ಬಿಡಬೇಕು. ಹುಷಾರಾದ ಮೇಲೂ 48 ಗಂಟೆ ಆ ಹುಡುಗನಿಗೆ ಅಡುಗೆಮನೆ ಡ್ಯೂಟಿ ಇಲ್ಲ.

---

ಸೋಫೊಮೋರ್_ತಾಯಿ

ಮಧ್ಯೆ ಬಂದು ಕೇಳ್ತಿದ್ದೀನಿ, ಕ್ಷಮಿಸಿ. ಮಗ ಇಂಥದ್ದೇ ಹೌಸ್‌ನಲ್ಲಿದ್ದಾನೆ. ಹೌಸ್‌ನಲ್ಲಿ ಕಾಯಿಲೆ ಅಂತ ಗೊತ್ತಾದ ಕೂಡಲೇ ಮನೆಗೆ ಕರೆಸಿಕೊಳ್ಳೋದು ಒಳ್ಳೇದಲ್ವಾ? ಅಜ್ಜಿ ತಾತ ನಮ್ಮ ಜೊತೆಗೇ ಇದ್ದಾರೆ.

---

ಮೂರನೇ_ಮಹಡಿ

ಅಜ್ಜಿ ತಾತ ಇದ್ದಾರೆ ಅಂದ್ರೆ ಬೇಡ ಮೇಡಂ. 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞ ಆ್ಯಂಥನಿ ಫೌಚಿ ಕಾಲೇಜುಗಳಿಗೆ ಹೇಳಿದ್ದೂ ಇದೇ: ಸೋಂಕು ಹಬ್ಬಿದಾಗ ವಿದ್ಯಾರ್ಥಿಗಳನ್ನು ಮನೆಗೆ ಕಳಿಸಬೇಡಿ, ಊರೂರಿಗೆ ಹರಡುತ್ತೆ. ಸಂಪರ್ಕ ಆದ ಮೊದಲೆರಡು ದಿನ ಟೆಸ್ಟ್ ನೆಗೆಟಿವ್ ಬಂದ್ರೂ ಅರ್ಥ ಇಲ್ಲ. ಕರೆಸಲೇಬೇಕಾದ್ರೆ ವಿಮಾನ, ಬಸ್ಸು ಬೇಡ, ಕಾರಿನಲ್ಲಿ. ಕಿಟಕಿ ಇಳಿಸಿ, ಇಬ್ಬರಿಗೂ ಎನ್95. ಮನೆಯಲ್ಲಿ ಅವನಿಗೇ ಅಂತ ಒಂದು ರೂಮ್, ಒಂದು ಬಾತ್‌ರೂಮ್, 48 ಗಂಟೆಗೊಂದರಂತೆ ಮೂರು ಟೆಸ್ಟ್ ಮುಗಿಯೋವರೆಗೆ. ಬೇರೆ ಬಾತ್‌ರೂಮ್ ಕೊಡೋಕೆ ಆಗಲ್ಲ ಅಂದ್ರೆ ಹೌಸ್‌ನಲ್ಲೇ ಇರಲಿ.

ಈಗ ಮಾಡಬಹುದಾದ್ದು ಒಂದಿದೆ. ಮಗನ ಇನ್ಶೂರೆನ್ಸ್ ಕಾರ್ಡ್‌ನ ಎರಡೂ ಬದಿಯ ಫೋಟೊ ಅವನ ಫೋನಿನಲ್ಲಿ ಇದೆಯಾ ನೋಡಿ. 18 ದಾಟಿದ್ರೆ ಆಸ್ಪತ್ರೆಯವರು ನಿಮಗೆ ವಿವರ ಹೇಳೋಕೆ ಅವನ ಒಪ್ಪಿಗೆ ಬೇಕಾಗಬಹುದು. ಹಿಪಾ ಬಿಡುಗಡೆ ಪತ್ರಕ್ಕೆ ಈಗಲೇ ಸಹಿ ಮಾಡಿಸಿಟ್ಟುಕೊಳ್ಳಿ. ಹೌಸ್ ಡೈರೆಕ್ಟರ್ ನಂಬರ್ ನಿಮ್ಮ ಹತ್ರ ಇರಲಿ.

---

ಎಕ್ಸಾಸ್ಟ್_ಫ್ಯಾನ್

@ಹೌಸ್‌ಕಾರ್ಪ್_ಕಾರ್ಯದರ್ಶಿ, ಪೋರ್ಚ್ ಕಿಟಕಿ ತೆರೆಯುತ್ತವೆ ಎಂದಾದರೆ ಎದುರುಬದುರಿನ ಎರಡನ್ನು ನಾಲ್ಕು ಇಂಚು ತೆರೆದಿಡಿ, ಪೆಟ್ಟಿಗೆ ಎರಡು ಸಾಕು: 600 × 60 ÷ 6,400 = 5.6, ಉಳಿದದ್ದನ್ನು ಕಿಟಕಿ ನೋಡಿಕೊಳ್ಳುತ್ತದೆ. ನಿಮ್ಮ ಪೋರ್ಚಿನ ಅಳತೆ ಬೇರೆ ಇದ್ದರೆ ಅದನ್ನೇ ಹಾಕಿ. ನಾಲ್ಕು ಇಂಚಿಗೆ ನಿಲ್ಲಲು ಚೌಕಟ್ಟಿಗೆ ಮರದ ತುಂಡು ಮೊಳೆ ಹೊಡೆಯಬೇಡಿ, ಬೆಂಕಿ ಬಿದ್ದಾಗ ಆ ಕಿಟಕಿಯಿಂದಲೇ ಹೊರಗೆ ಬರಬೇಕಾಗಬಹುದು. ಕೈಯಲ್ಲಿ ಒತ್ತಿದರೆ ಬಿಡುವ ಸ್ಟಾಪರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ರೇಡಿಯೇಟರ್ ಪಕ್ಕದ ಕಿಟಕಿ ಬಿಟ್ಟು ಬೇರೆ ಆರಿಸಿ, ಕೊರೆಯುವ ರಾತ್ರಿ ಅಲ್ಲಿನ ಪೈಪ್ ಹೆಪ್ಪುಗಟ್ಟಿ ಒಡೆಯುತ್ತದೆ.